ತೂತು ಬನಿಯನ್ನಿನ ಸಾಕ್ಷಿ

ಹೊನ್ನಾವರ
೧೬ ನವೆಂಬರ್ ೨೦೨೫

ಪ್ರಿಯ ಅನಂತ,

ಅನಂತಮೂರ್ತಿ ಭಾಗವತರಿಗೆ ಅವರ ಹೆಸರಿನಷ್ಟೇ ನಮಸ್ಕಾರಗಳು. ಮೂರು ತಿಂಗಳಿಂದ ನಿನ್ನ ಫೋನು ಎತ್ತಿಲ್ಲ, ಮೆಸೇಜಿಗೆ ಉತ್ತರ ಬರೆದಿಲ್ಲ. ತಪ್ಪಾಯಿತು. ಈಗ ಕಾಗದ ಪೆನ್ನು ಹಿಡಿದು ಕೂತದ್ದು ಹಳೇ ಕಾಲದ ಮೇಲಿನ ಪ್ರೀತಿಗಲ್ಲ. ಕಾಗದಕ್ಕೆ ಫಾರ್ವರ್ಡ್ ಗುಂಡಿ ಇರುವುದಿಲ್ಲ ಎಂಬ ಒಂದೇ ಕಾರಣಕ್ಕೆ.

ನಿನ್ನ ಸನ್ಮಾನದ ಆಮಂತ್ರಣ ಬಂತು. ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ, ಭಟ್ಕಳ. ‘ಅಭಿನಂದನೆಯ ನುಡಿ: ಪ್ರೊ. ಶ್ರೀಧರ ಹೆಗಡೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಒಪ್ಪಿಕೊಂಡಿದ್ದೇನೆ. ಇಪ್ಪತ್ತೆರಡು ವರ್ಷ ನೀನು ಹಾಡಿದ ಹಾಗೆ ನಾನು ಕುಣಿದಿದ್ದೇನೆ. ಒಂದು ದಿನವಾದರೂ ನಾನು ಹಾಡಿ ನೀನು ಕುಣಿಯಬೇಡವೇ?

ಆ ಭಾಷಣದ ತಾಲೀಮು ಎಂದೇ ಈ ಪತ್ರವನ್ನು ಓದು. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ಸಭೆಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲವಲ್ಲ.

ನನ್ನ ಸ್ತ್ರೀವೇಷದ ಬಗ್ಗೆ ನೀನು ಎಷ್ಟೋ ವರ್ಷದಿಂದ ಆಡುತ್ತಿದ್ದ ತಮಾಷೆ ಒಂದೇ. ಬಣ್ಣ ಹಚ್ಚಿ ಎದ್ದರೆ ಶ್ರೀಧರ ಹೋಗಿ ಸ್ಮೃತಿ ಬರುತ್ತಾಳೆ, ಅಪ್ಪ ಮಗಳಿಗೆ ದೇವರು ಒಂದೇ ಅಚ್ಚು ಬಳಸಿದ್ದಾನೆ ಎಂದು. ಅದೇ ಸ್ಮೃತಿ ಕಳೆದ ವರ್ಷ ನನ್ನ ವೇಷಗಾರಿಕೆಯ ವಿಡಿಯೋ ಮಾಡತೊಡಗಿದಳು. ಕಾಲೇಜಿನ ಬಕ್ಕತಲೆಯ ಮೇಷ್ಟ್ರು ಯಕ್ಷಗಾನದ ಹೆಂಗಸಾಗುವುದು ಹೇಗೆ, ಆಟ ಮುಗಿದ ಮೇಲೆ ಮತ್ತೆ ಬಕ್ಕತಲೆಯಾಗುವುದು ಹೇಗೆ. ಕುಮಟಾದ ಶಾಲೆಯಲ್ಲಿ ಪಾಠ ಮುಗಿಸಿ ಬಂದು ಕೂತು ಎಡಿಟ್ ಮಾಡುತ್ತಿದ್ದಳು. ಭಾಗವತರು ಒಪ್ಪದೆ ನಮ್ಮ ಮೇಳದಲ್ಲಿ ಯಾವುದೂ ರಂಗಕ್ಕೆ ಹೋಗುವುದಿಲ್ಲವಲ್ಲ, ಅವಳಿಗೂ ಅದೇ ಶಿಸ್ತು. ಇಡೀ ವಿಡಿಯೋವನ್ನು ಮೊದಲು ನಿನಗೊಬ್ಬನಿಗೆ ಕಳಿಸುವುದು, ನೀನು ‘ಆತು’ ಎಂದ ಮೇಲೆ ಕತ್ತರಿಸಿ ಲೋಕಕ್ಕೆ ಬಿಡುವುದು, ತನ್ನ ಫೋನಿನಲ್ಲಿ ಜಾಗವಿಲ್ಲವೆಂದು ಮೂಲವನ್ನು ಅಳಿಸುವುದು.

ಆಗಸ್ಟಿನಲ್ಲಿ ಹಾಕಿದ್ದು ವೇಷ ಕಳಚುವ ವಿಡಿಯೋ. ಎರಡೇ ದಿನದಲ್ಲಿ ಕಂಪನಿ ಅದನ್ನು ಕಿತ್ತುಹಾಕಿತು. ‘ವಯಸ್ಕರ ವಿಷಯ, ಸ್ತ್ರೀ ನಗ್ನತೆ’ ಎಂದು ಕಾರಣ ಕೊಟ್ಟು ಚಾನೆಲ್ಲನ್ನೇ ಮುಚ್ಚಿತು. ನಾನು ನಕ್ಕೆ. ಐವತ್ತಾರು ವರ್ಷದವನು ವಯಸ್ಕನಲ್ಲದೆ ಇನ್ನೇನು? ಯಂತ್ರವೇ ಹೆಂಗಸೆಂದು ನಂಬಿತೆಂದರೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದು ಎಂದು ಹೆಂಡತಿ ಮಹಾಲಕ್ಷ್ಮಿಯ ಹತ್ತಿರ ಪಾಯಸ ಮಾಡಿಸಿದೆ.

ಪಾಯಸ ಅರಗುವ ಮೊದಲೇ ಆ ಹನ್ನೊಂದು ಸೆಕೆಂಡಿನ ತುಣುಕು ಬಂತು. ಬೆನ್ನು ಇತ್ತ, ಕುಪ್ಪಸದ ಗಂಟು ಬಿಚ್ಚುವ ಕೈ, ಕನ್ನಡಿಯಲ್ಲಿ ಅರ್ಧ ಮುಖ. ಕೂದಲು ಕಳಚುವ ಮೊದಲೇ ಕತ್ತರಿ. ಮೇಲೆ ಒಂದು ಸಾಲು: ‘ಕುಮಟಾದ ಸ್ಮೃತಿ ಟೀಚರ್ ಬಟ್ಟೆ ಬದಲಿಸುವುದು.’ ಅಂಕೋಲೆಯಿಂದ ಭಟ್ಕಳದವರೆಗೆ ಅದು ತಲುಪದ ಫೋನಿರಲಿಲ್ಲ. ಕೆಳಗೆ ಬಂದ ಮಾತುಗಳನ್ನು ಬರೆಯುವುದಿಲ್ಲ. ನನ್ನ ಬೆನ್ನಿಗೆ ನಾಚಿಕೆಯಾಗುತ್ತದೆ. ಸ್ಮೃತಿ ನಾಲ್ಕು ಸಲ ದೂರು ಕೊಟ್ಟಳು. ನಾಲ್ಕು ಸಲವೂ ಅದೇ ಕಂಪನಿಯಿಂದ ಒಂದೇ ಉತ್ತರ: ‘ಈ ವಿಡಿಯೋ ನಮ್ಮ ನಿಯಮಗಳಿಗೆ ವಿರುದ್ಧವಾಗಿಲ್ಲ.’ ಕಲಿಸುವುದು ಅಶ್ಲೀಲ, ಕದ್ದು ನೋಡುವುದು ಸಭ್ಯ.

ಅದು ನಾನು ಎಂದು ಹೇಳಿದೆ. ಮಗಳ ಮಾನಕ್ಕಾಗಿ ಅಪ್ಪ ಸೀರೆ ಉಡುತ್ತಿದ್ದಾನೆ ಎಂದರು. ಪೂರ್ತಿ ವಿಡಿಯೋ ಇದ್ದದ್ದು ಇನ್ನು ನಿನ್ನ ಫೋನಿನಲ್ಲಿ ಮಾತ್ರ. ಸ್ಮೃತಿ ನಿನಗೆ ಫೋನು ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ.

“ಅಳಿಸಿ ಹೋತು ಕೂಸೆ. ನನ್ನ ಹತ್ರವೂ ಇಲ್ಲೆ,” ಎಂದೆ ನೀನು.

ವಾರದೊಳಗೆ ಶಾಲೆಯ ಆಡಳಿತ ಮಂಡಳಿ ಅವಳನ್ನು ಮನೆಯಲ್ಲಿರಲು ಹೇಳಿತು. ಪತ್ರದ ಅಡಿಯಲ್ಲಿ ಮಂಡಳಿಯ ಸದಸ್ಯರ ಐದು ಸಹಿ, ಮೂರನೆಯದು ನಿನ್ನದು. ಅಕ್ಷರ ಎಂದಿನಂತೆ ಮುದ್ದಾಗಿತ್ತು.

ಪಾಲಕರ ಸಭೆಯ ದಿನ ನಿನಗೆ ಹೊಟ್ಟೆನೋವಂತೆ, ಬರಲಿಲ್ಲ. ನೀನು ಕಳೆದುಕೊಂಡದ್ದನ್ನು ಹೇಳುತ್ತೇನೆ. ಸ್ಮೃತಿ ವಿವರಣೆ ಕೊಡಲೆಂದು ಮೊದಲೇ ಹೋಗಿದ್ದಳು. ನಾನು ಅವಳ ನೀಲಿ ಸೀರೆಯುಟ್ಟು, ತೆಳುವಾಗಿ ಬಣ್ಣ ಹಚ್ಚಿ, ತುರುಬು ಕಟ್ಟಿ, ಹೊನ್ನಾವರದಲ್ಲಿ ಬಸ್ಸು ಹತ್ತಿದೆ. ಕಂಡಕ್ಟರು ಹೆಂಗಸರ ಉಚಿತ ಟಿಕೇಟು ಹರಿಯಲು ಹೊರಟು, ಆಧಾರ್ ತೋರಿಸಮ್ಮ ಎಂದ. ನನಗೆ ಆಧಾರ್ ಇದೆ, ಆಧಾರವೇ ಇಲ್ಲ ಎಂದು ಗಂಡುದನಿಯಲ್ಲಿ ಹೇಳಿ ಪೂರಾ ದುಡ್ಡು ಕೊಟ್ಟೆ. ಕುಮಟಾದವರೆಗೂ ಆತ ನನ್ನತ್ತ ತಿರುಗಿ ನೋಡಲಿಲ್ಲ.

ಸಭೆಯಲ್ಲಿ ಹೋಗಿ ಮಗಳ ಪಕ್ಕದ ಕುರ್ಚಿಯಲ್ಲಿ ಕೂತೆ. ಇಬ್ಬರು ಸ್ಮೃತಿಯರು. ಮುಖ್ಯೋಪಾಧ್ಯಾಯ ಬೊಮ್ಮಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ನೀವು ಯಾರು ಅಂತ ಗೊತ್ತಾಗ್ಲಿಲ್ಲ, ಅಕ್ಕೋರೆ,” ಎಂದರು.

ನಾನು ಎದ್ದು ಬೆನ್ನು ತಿರುಗಿಸಿ ಕುಪ್ಪಸದ ಗಂಟು ಬಿಚ್ಚಿದೆ. ಹನ್ನೊಂದು ಸೆಕೆಂಡು. ಆಮೇಲೆ ಕೂದಲು ತೆಗೆದೆ. ಎದೆಗೆ ಕಟ್ಟಿದ್ದ ಎರಡು ಬಟ್ಟೆಯುಂಡೆಗಳನ್ನು ಹಾಜರಿ ಪುಸ್ತಕದ ಮೇಲಿಟ್ಟು, ಇವನ್ನು ಕಡತದಲ್ಲಿ ಇಟ್ಟುಕೊಳ್ಳಿ ಸರ್ ಎಂದೆ. ವಿಡಿಯೋ ನೋಡಿದವರು ಕೈಯೆತ್ತಿ ಎಂದು ಕೇಳಿದೆ. ಮೊದಲು ಒಂದು, ಆಮೇಲೆ ಎಲ್ಲ. ಎಲ್ಲರೂ ನೋಡಿದ್ದು ಖಂಡಿಸಲಿಕ್ಕಂತೆ. ಹಿಂದಿನ ಸಾಲಿನವನೊಬ್ಬ ಮೂರು ಸಲ ಖಂಡಿಸಿದ್ದೆ ಎಂದ. ಸಭೆ ನಕ್ಕಿತು, ನಾನೂ ನಕ್ಕೆ. ಬೊಮ್ಮಯ್ಯನವರು ಸ್ಮೃತಿಗೆ ಕೈಮುಗಿದು, ಸೋಮವಾರದಿಂದ ಬನ್ನಿ ಟೀಚರ್ ಎಂದರು. ನಾನು ಗೆದ್ದೆ ಎಂದುಕೊಂಡೆ.

ಈಗ ನಿನ್ನ ಭಾಗ.

ಕಳೆದ ವಾರ ಸ್ಮೃತಿ ಆ ತುಣುಕನ್ನು ನನಗೆ ತೋರಿಸಿ, ಮೂಲೆಯಲ್ಲಿ ಬೆರಳಿಟ್ಟಳು. ಕನ್ನಡಿಯ ಬದಿಯ ಮೊಳೆಯಲ್ಲಿ ನನ್ನ ತೂತು ಬನಿಯನ್ನು ನೇತಾಡುತ್ತಿದೆ. ಸಾವಿರಾರು ಗಂಡಸರು ನೋಡಿದ್ದಾರೆ. ಟೀಚರ್ ಕೋಣೆಯಲ್ಲಿ ಈ ಬನಿಯನ್ನು ಯಾರದೆಂದು ಒಬ್ಬನಿಗೂ ಅನ್ನಿಸಿಲ್ಲ. ಅದು ಕಾಣುತ್ತದೆಂದೇ ನನ್ನ ಮಗಳು ಆ ಭಾಗವನ್ನು ಕತ್ತರಿಸಿ ಎಸೆದು ಉಳಿದದ್ದನ್ನು ಮಾತ್ರ ಲೋಕಕ್ಕೆ ಬಿಟ್ಟಿದ್ದಳು. ಬನಿಯನ್ನು ಇದ್ದ ವಿಡಿಯೋ ಹೋದದ್ದು ಒಬ್ಬನಿಗೇ, ಅನಂತ.

ನಾನು ಮದ್ದಲೆಯ ನಿತ್ಯಾನಂದನ ಮನೆಗೆ ಹೋದೆ. ಅವನು ಹೆಚ್ಚು ಆಟವಾಡಿಸಲಿಲ್ಲ, ಫೋನು ಕೈಗೆ ಕೊಟ್ಟ. ನಿಮ್ಮ ಐದು ಜನರ ಗುಂಪು. ನೀನೇ ಕತ್ತರಿಸಿ ಹಾಕಿದ ಆ ತುಣುಕು, ಅದರ ಮೇಲೆ ನಿನ್ನ ಹಳೇ ತಮಾಷೆ. ಕೆಳಗೆ ನಗುವ ನಾಲ್ಕು ಮುಖ. ಅದು ಗುಂಪು ದಾಟಿ ಊರಿಗೆಲ್ಲ ಹಬ್ಬಿದ ಮೇಲೆ, ಮೂರನೆಯ ದಿನ ನಿನ್ನದೇ ಇನ್ನೊಂದು: ‘ಎಲ್ಲರೂ ಅಳಿಸಿ. ನನ್ನ ಹೆಸರು ಹೊರಗೆ ಬರಬಾರದು.’

ತಮಾಷೆಯನ್ನು ಕ್ಷಮಿಸುತ್ತಿದ್ದೆ. ನಾನೂ ಬಾಯಿ ಹೊಲಿದುಕೊಂಡು ಬದುಕಿದವನಲ್ಲ. ಆದರೆ ಸತ್ಯ ಜೇಬಿನಲ್ಲಿದ್ದಾಗ ಆ ಸಹಿ ಹಾಕಿದ ಕೈಯನ್ನು ಕ್ಷಮಿಸುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ.

ಭಾನುವಾರ ವೇದಿಕೆಯ ಹಿಂದೆ ದೊಡ್ಡ ಪರದೆ ಇದೆಯಂತೆ, ನಿನ್ನ ಸಾಧನೆಯ ಚಿತ್ರಗಳಿಗೆ. ಸಂಘಟಕರಿಗೆ ನಾಲ್ಕು ಚಿತ್ರ ನಾನೂ ಕೊಟ್ಟಿದ್ದೇನೆ: ಸ್ಮೃತಿ ನಿನಗೆ ಕಳಿಸಿದ್ದು, ನಿನ್ನ ‘ಆತು’, ನಿನ್ನ ತಮಾಷೆ, ನಿನ್ನ ಅಪ್ಪಣೆ. ಸನ್ಮಾನಿತರ ಕೈಬರಹ ಎಂದು ಹೇಳಿದ್ದೇನೆ. ಹೊಟ್ಟೆನೋವು ಬರಿಸಿಕೊಳ್ಳಬೇಡ; ನೀನಿಲ್ಲದಿದ್ದರೂ ಭಾಷಣ ನಡೆಯುತ್ತದೆ, ಖಾಲಿ ಕುರ್ಚಿಗೆ ಶಾಲು ಹೊದೆಸುತ್ತೇನೆ.

ಅತ್ತಿಗೆಗೆ ನಮಸ್ಕಾರ, ಅವರದೇನೂ ತಪ್ಪಿಲ್ಲ. ನಿನಗೆ ನೂರು ವರ್ಷ ಆಯುಸ್ಸು ಇರಲಿ. ಮುಖ್ಯವಾಗಿ ನೆನಪಿನ ಶಕ್ತಿ ಕೊನೆಯವರೆಗೂ ಚುರುಕಾಗಿರಲಿ.

ನಿನ್ನ ಇಪ್ಪತ್ತೆರಡು ವರ್ಷದ ನಾಯಕಿ,
ಶ್ರೀಧರ

ಮರೆತ ಮಾತು: ಸೋಮವಾರ ಸ್ಮೃತಿ ಶಾಲೆಗೆ ಹೋಗಲಿಲ್ಲ. ಈವರೆಗೂ ಹೋಗಿಲ್ಲ. ಸಭೆ ನಗುವಾಗ ನಾನು ಅವಳ ಮುಖ ನೋಡಿರಲಿಲ್ಲ. ಸೊಂಟದವರೆಗಿದ್ದ ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡಿದ್ದಾಳೆ. ಬನಿಯನ್ನನ್ನು ಅವಳು ಮೊದಲ ದಿನವೇ ಗುರುತಿಸಿದ್ದಳು. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದ್ದಕ್ಕೆ, “ಅನಂತ ಮಾವ ತಾನೇ ಹೇಳ್ತ ಹೇಳಿ ಕಾದೆ,” ಎಂದಳು. ಆಮೇಲೆ, “ಅಪ್ಪಾ, ಇನ್ನು ಆ ಮುಖ ಬರೆಯಡ. ಅದು ನಂದು,” ಎಂದಳು.

ಆದ್ದರಿಂದ ಭಟ್ಕಳಕ್ಕೆ ಬರಿಮುಖದಲ್ಲಿ ಬರುತ್ತೇನೆ. ನನ್ನ ಬಣ್ಣದ ಪೆಟ್ಟಿಗೆಯನ್ನು ಈ ಪತ್ರದ ಜೊತೆಗೇ ಕಳಿಸಿದ್ದೇನೆ, ಇಟ್ಟುಕೊ. ಭಾನುವಾರದಿಂದ ಮುಖ ಮುಚ್ಚಿಕೊಳ್ಳಬೇಕಾದವನು ನೀನು.