ಬಿಸಿ ಮಾಡಬಾರದ ಸಿಹಿ

ನ್ಯೂಟೌನ್, ಭದ್ರಾವತಿ
ಭಾನುವಾರ, 9 ಮಾರ್ಚ್ 2025

ಪ್ರಿಯ ಸುಭದ್ರಾ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೆ ಈ ಕಾಗದ. "ಅಮ್ಮ ಶಿವಮೊಗ್ಗದಲ್ಲಿ ನಮ್ಮನೇಲಿ ಆರಾಮವಾಗಿದ್ದಾಳೆ" ಎಂದು ಮಗಳು ರಶ್ಮಿ ಹೇಳಿದಳು. ಅಪ್ಪನೂ ಆರಾಮವಾಗಿದ್ದಾರೆ ಎಂದು ನಿನಗೆ ಹೇಳಿರಬಹುದು. ಅದು ಪೂರ್ತಿ ನಿಜವಲ್ಲ.

ನೀನು ಹೋಗಿ ಇವತ್ತಿಗೆ ಒಂಬತ್ತು ದಿನ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ರಶ್ಮಿಯ ಅತ್ತೆ ಮಾವ ನಮ್ಮ ಮನೆಗೆ ಬಂದಿದ್ದರು. ನೀನು ಕ್ರೀಮ್ ಚೀಸ್‌ನ ಸಿಹಿ ಡಿಪ್ ಮಾಡಿ, ಅದ್ದಿ ತಿನ್ನಲು ಸುತ್ತ ಸೇಬಿನ ಹೋಳು, ಬಿಸ್ಕತ್ತು ಜೋಡಿಸಿ ತಂದಿಟ್ಟೆ. ಬೀಗಿತಿ ಅದನ್ನು ಹೊಗಳುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, "ಒಲೆ ಹಚ್ಚದೆ ಹತ್ತು ನಿಮಿಷ ಕಲಸಿದ್ದಕ್ಕೆ ಇಷ್ಟೊಂದು ಸಡಗರಾನಾ ಮಾರಾಯ್ತಿ?" ಎಂದು ನಕ್ಕೆ. ನಕ್ಕವನು ನಾನೊಬ್ಬನೇ. "ಅಷ್ಟು ಸುಲಭ ಆದ್ರೆ ನೀವೇ ಮಾಡಿ ತೋರಿಸ್ರಿ. ಅಲ್ಲಿವರ್ಗೂ ನಾನು ಭದ್ರಾವತಿಗೆ ಬರಲ್ಲ" ಎಂದು ನೀನು ಬೀಗರ ಕಾರನ್ನೇ ಹತ್ತಿ ಅವರ ಜೊತೆ ರಶ್ಮಿಯ ಮನೆಗೆ ಹೊರಟುಬಿಟ್ಟೆ.

ಮಾಡಿದ್ದೇನೆ. ಮೂರನೆಯ ಸಲಕ್ಕೆ.

ಮೊದಲ ಸಲ ಫ್ರಿಜ್‌ನಿಂದ ತೆಗೆದ ಚೀಸ್ ಚಮಚಕ್ಕೇ ಜಗ್ಗಲಿಲ್ಲ. ಮೂವತ್ತೆರಡು ವರ್ಷ ಕಾರ್ಖಾನೆಯ ಕುಲುಮೆ ಮುಂದೆ ನಿಂತವನು ನಾನು. ಗಟ್ಟಿಯಾದದ್ದನ್ನು ಮೆತ್ತಗೆ ಮಾಡಲು ನನಗೆ ಗೊತ್ತಿದ್ದುದು ಒಂದೇ ದಾರಿ. ಬಾಣಲೆಗೆ ಹಾಕಿ ಕಾಯಿಸಿದೆ. ಒಂದು ಕಡೆ ನೀರು, ಒಂದು ಕಡೆ ಗಂಟು. ಎರಡನೆಯ ಸಲ ಉರಿ ಸಣ್ಣಗಿಟ್ಟೆ. ನೀರು ಸ್ವಲ್ಪ ಕಡಿಮೆಯಾಯಿತು, ಅಷ್ಟೇ.

ಪಕ್ಕದ ಮನೆಯ ಸಲೀಮಾ ಬಾಣಲೆ ನೋಡಿ ಬಿದ್ದು ಬಿದ್ದು ನಕ್ಕಳು. "ಅಂಕಲ್, ಇದೇನು ಕಬ್ಬಿಣ ಕರಗಿಸ್ತಿದೀರಾ? ಅರ್ಧ ಗಂಟೆ ಹೊರಗಿಡಿ, ತಾನೇ ಮೆತ್ತಗಾಗತ್ತೆ. ಅಲ್ಲಿವರ್ಗೂ ಕೈ ಹಾಕ್ಬೇಡಿ!"

"ಏನೂ ಮಾಡದೆ ಸುಮ್ನೆ ಕೂರ್ಬೇಕಾ?" ಎಂದೆ.

"ಹೂಂ. ನಿಮಗೆ ಅದೇ ಕಷ್ಟ, ನಂಗೊತ್ತು" ಎಂದಳು.

ಇವತ್ತು ಬೆಳಿಗ್ಗೆ ಚೀಸ್ ಮುಂದಿಟ್ಟುಕೊಂಡು ಕೂತೆ. ಪೇಪರನ್ನು ಕೊನೆಯ ಪುಟದವರೆಗೆ ಓದಿದೆ. ಆಮೇಲೆ ಬೆರಳಿನಿಂದ ಒತ್ತಿದರೆ, ಸುಭದ್ರಾ, ಬೆಣ್ಣೆ! ಪುಡಿ ಮಾಡಿದ ಸಕ್ಕರೆ ನಾಲ್ಕು ಚಮಚ, ಕ್ರೀಮ್ ಮೂರು ಚಮಚ, ಒಂದು ಚಿಟಿಕೆ ಏಲಕ್ಕಿ. ಒಂದೇ ಒಂದು ಗಂಟಿಲ್ಲ. ಅಡುಗೆಮನೆಯಲ್ಲಿ ಒಬ್ಬನೇ ನಿಂತು ಚಪ್ಪಾಳೆ ತಟ್ಟಿದೆ. ಸಲೀಮಾ ನಾಲ್ಕು ಬಿಸ್ಕತ್ತು ಅದ್ದಿ ತಿಂದಳು. ಐದನೆಯದಕ್ಕೆ ನಾನೇ ಬಟ್ಟಲು ಎತ್ತಿಟ್ಟೆ.

ಕಲಸಲು ಹಿಡಿದದ್ದು ಹತ್ತು ನಿಮಿಷವೇ. ಅಲ್ಲಿಗೆ ತಲುಪಲು ನನಗೆ ಒಂಬತ್ತು ದಿನ ಬೇಕಾಯಿತು. ನೀನು ಮಾಡುವ ಎಷ್ಟು ಕೆಲಸಗಳನ್ನು ನಾನು ಹೀಗೆ ಬರೀ ಹತ್ತು ನಿಮಿಷದ್ದು ಎಂದುಕೊಂಡಿದ್ದೇನೋ ಗೊತ್ತಿಲ್ಲ. ತಪ್ಪು ನನ್ನದು. ಮನೆಗೆ ಬಾ.

ಇಂತಿ,
ನಿನ್ನ
ಷಣ್ಮುಖಪ್ಪ

ತಾ.ಕ.: ಅಂಚೆಗೆ ಹಾಕಿದರೆ ಇದು ನಿನಗೆ ತಲುಪಲು ಮೂರು ದಿನ. ಡಿಪ್ ಅಷ್ಟು ತಡೆಯುವುದಿಲ್ಲ, ನಾನೂ ತಡೆಯಲಾರೆ. ಹತ್ತೂಕಾಲರ ಬಸ್ಸಿಗೆ ಬಂದು, ರಶ್ಮಿಯ ಮನೆ ಮೆಟ್ಟಿಲ ಮೇಲೆ ಕೂತು ಈ ಸಾಲು ಬರೆಯುತ್ತಿದ್ದೇನೆ. ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸುತ್ತೇನೆ. ಡಬ್ಬಿಯ ಸುತ್ತ ಕಟ್ಟಿದ ಐಸ್ ಅರ್ಧ ಕರಗಿದೆ, ಬೇಗ ಹೊರಗೆ ಬಾ. ಬೀಗರನ್ನೂ ಕರೆದುಕೊಂಡು ಬಾ. ಅವರ ಎದುರು ಆಡಿದ ಮಾತನ್ನು ಅವರ ಎದುರೇ ವಾಪಸ್ ತೆಗೆದುಕೊಳ್ಳಬೇಕು.