ತಾಂತ್ರಿಕ ದೋಷವಲ್ಲ

ಕ್ವೇಕರ್ಸ್ ಹಿಲ್, ಸಿಡ್ನಿ
ಮಂಗಳವಾರ, 12 ಆಗಸ್ಟ್ 2025

ಪ್ರೀತಿಯ ಅಪ್ಪಾ,

ನೀವು ರೇಡಿಯೊ ಸ್ಟೇಷನ್ನಿಗೆ ಸುಳ್ಳು ಬರೆದುಕೊಟ್ಟಿದ್ದೀರಿ. ತೀರಿಹೋದ ರೇಡಿಯೊ ಆಂಟಿಯ ದನಿ ಮಾರನೇ ದಿನವೇ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಬಂದದ್ದು ತಾಂತ್ರಿಕ ದೋಷವಲ್ಲ. ನೀವು ಹಾಕು ಅಂದಿರಿ, ನಾನು ಹಾಕಿದೆ.

ಮೊಣಕಾಲು ಹೇಗಿದೆ? ಮೆಲ್ಬರ್ನ್ ಚಳಿಗೆ ನೋವು ಜಾಸ್ತಿಯಾಗಿರಬೇಕು. ಕೌಶಿಕ್ ಅಣ್ಣನ ಮನೆಯಲ್ಲಿ ಹೀಟರ್ ಹಾಕಲು ಸಂಕೋಚಪಡಬೇಡಿ. ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ. ಆಂಟಿಯ ಹೆಸರು ಬರೆಯುವುದಿಲ್ಲ. ಅವರ ಮೂಲನಿವಾಸಿ ಜನರಲ್ಲಿ ಮನೆಯವರು ಒಪ್ಪುವವರೆಗೆ ಸತ್ತವರ ಹೆಸರು ಹೇಳಬಾರದು, ದನಿ ಕೇಳಿಸಬಾರದು. ಇದು ನಿಮಗೆ ಗೊತ್ತಿತ್ತು. ಹಾಡುಗಾರನೊಬ್ಬ ಸತ್ತ ಸುದ್ದಿ ಬಂದಾಗ ಆಂಟಿ ಅವನ ಹಾಡನ್ನು ಅರ್ಧಕ್ಕೇ ನಿಲ್ಲಿಸಿದ್ದನ್ನು ನೀವೇ ನನಗೆ ಹೇಳಿದ್ದಿರಿ.

ಮೂಲನಿವಾಸಿ ಮಗು ಅನ್ನುವ ಕಾರಣಕ್ಕೇ ಈ ದೇಶ ಅವರನ್ನು ಆರನೇ ವಯಸ್ಸಿಗೆ ತಾಯಿಯಿಂದ ಕಿತ್ತುಕೊಂಡಿತು. ಒಂಬತ್ತು ವರ್ಷ ಆ ಸ್ಟೇಷನ್ನಿನ ನೆಲ ಒರೆಸಿದರು, ಆಮೇಲೆ ಅಲ್ಲಿಯೇ ಮೈಕಿನ ಮುಂದೆ ಕೂತ ಮೊದಲ ಕಪ್ಪು ಹೆಂಗಸಾದರು. 'ಆ ಕರಿಯಳ ಬಾಯಿ ಮುಚ್ಚಿಸಿ' ಅಂತ ಬಂದ ಕಾಗದಗಳನ್ನು ಪ್ರಸಾರದಲ್ಲೇ ಓದಿ, 'ಅಕ್ಷರ ಚೆನ್ನಾಗಿದೆ ಕಣಪ್ಪಾ, ಇನ್ನೊಂದು ಬರಿ' ಅಂತ ನಗುತ್ತಿದ್ದರಂತೆ. ಟ್ಯಾಕ್ಸಿ ಓಡಿಸುತ್ತಿದ್ದ ನೀವು ಒಂದು ಕನ್ನಡ ಹಾಡು ಹಾಕಿ ಅಂತ ಕೇಳಲು ಹೋದಿರಿ. ಅವರು ತಮ್ಮ ಒಂದು ಗಂಟೆಯ ಕಾರ್ಯಕ್ರಮದಲ್ಲಿ ಅರ್ಧವನ್ನೇ ಕನ್ನಡಕ್ಕೆ ಕೊಟ್ಟರು. ಮೂಲನಿವಾಸಿಗಳ ಹಕ್ಕಿನ ಕರಪತ್ರ ಓದಿ ನನ್ನ ತಲೆ ಕೆಟ್ಟಿದೆ ಅನ್ನುತ್ತೀರಿ. ಇಲ್ಲ ಅಪ್ಪಾ, ಕೆಟ್ಟಿದ್ದರೆ ಆಂಟಿಯ ಮಾತು ಕೇಳಿ ಕೆಟ್ಟದ್ದು.

ನೀವು ಪ್ರೀತಿಯಿಂದಲೇ ಹಾಕಿಸಿದಿರಿ, ಗೊತ್ತು. ನಮ್ಮಲ್ಲಿ ಕಲಾವಿದರು ಹೋದರೆ ರೇಡಿಯೊದಲ್ಲಿ ಅವರ ದನಿ ಕೇಳಿಸುವುದೇ ಗೌರವ. 'ಒಂದು ಸಲ ಕೇಳಿ ಅತ್ತುಬಿಡಲಿ ಜನ' ಅಂದಿರಿ. ಆದರೆ ಅವರ ಮಗಳು ಮರ್ಲೀನ್ ರೂಮಿನಲ್ಲಿ ಕೂತು ಅಮ್ಮನ ಬಟ್ಟೆ ಮಡಚುತ್ತಿದ್ದಾಗ, ಅಡುಗೆಮನೆಯ ರೇಡಿಯೊದಲ್ಲಿ ಅಮ್ಮ ನಕ್ಕರು. ಕೈಯಲ್ಲಿದ್ದ ಸ್ವೆಟರ್ ಹಿಡಿದೇ ಅವರು ಅಡುಗೆಮನೆಗೆ ಓಡಿದರಂತೆ.

ನಿನ್ನೆ ಮರ್ಲೀನ್ ಮನೆಗೆ ಹೋಗಿ ನಿಜ ಹೇಳಿದೆ. ಬಾಗಿಲಲ್ಲೇ ನಿಲ್ಲಿಸಿದರು. 'ಗುಂಡಿ ಒತ್ತಿದವಳು ಬಂದಿದ್ದೀಯ. ಒತ್ತಿಸಿದವನೆಲ್ಲಿ?' ಅಂದರು.

ಅಣ್ಣ, ಅತ್ತಿಗೆಯನ್ನು ಕೇಳಿದೆ ಅಂತ ಹೇಳಿ. ಬಿಪಿ ಮಾತ್ರೆ ಮರೆಯಬೇಡಿ.

ಸಿಟ್ಟಿನಲ್ಲೂ ನಿಮ್ಮವಳೇ,
ಸಂಯುಕ್ತಾ

ಮುಖ್ಯವಾದದ್ದೇ ಬಿಟ್ಟುಹೋಯಿತು: ಆಂಟಿಯನ್ನು ಮಣ್ಣು ಮಾಡುವುದು 22ರ ಶುಕ್ರವಾರ. ಅದಕ್ಕೆ ಮೊದಲು ನೀವೇ ಎದುರಿಗೆ ಬಂದು ನಿಜ ಹೇಳಿದರೆ ಮಾತ್ರ ಮನೆಯವರು ನಿಮ್ಮನ್ನು ಅಲ್ಲಿಗೆ ಬರಲು ಬಿಡುತ್ತಾರೆ. ಕ್ಷಮಿಸುತ್ತೇನೆ ಅಂತ ಮರ್ಲೀನ್ ಹೇಳಿಲ್ಲ, ನಾನೂ ಕೇಳಲಿಲ್ಲ. ಅವರ ಮನೆಗೆ, 20ನೇ ತಾರೀಕು, ಬುಧವಾರ, ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ.