ಕರೆವ್ವ ಕೇಳಿದ ಮಾತು

ಚಿಕ್ಕೇರೂರು
ತಾ. ೯ ಮೇ ೧೯೪೬, ಗುರುವಾರ

ಹುಬ್ಬಳ್ಳಿಯಲ್ಲಿರುವ ನಮ್ಮ ಮನೆಯವರಿಗೆ ಹೊನ್ನವ್ವನ ಶರಣು.

ನಿಮ್ಮ ಮೈಯಲ್ಲಿ ಹೇಗಿದೆ? ಬರ್ಮಾದ ಆ ಚಳಿಜ್ವರ ಮತ್ತೆ ಬಂದಿಲ್ಲವಷ್ಟೇ? ಕಹಿಯೆಂದು ಕ್ವಿನೈನು ಬಿಡಬೇಡಿ. ನಿಮ್ಮ ಪಲ್ಟನ್ನಿನ ಗೆಳೆಯ ಹುಸೇನಸಾಬರು ತಮ್ಮ ಮನೆಯ ಮಗ್ಗುಲಲ್ಲೇ ಖೋಲಿ ಕೊಡಿಸಿದರೆಂದು ತಿಳಿದು ಸಮಾಧಾನವಾಯಿತು. ಖಾನಾವಳಿಯ ರೊಟ್ಟಿ ದಪ್ಪವಾದರೂ ಹೊಟ್ಟೆತುಂಬ ಉಣ್ಣಿ. ಇಲ್ಲಿ ಅತ್ತೆಯವರು ಆರಾಮ ಇದ್ದಾರೆ. ಕೆಂದ ಎಮ್ಮೆ ಕರು ಹಾಕಿದೆ, ಹೆಣ್ಣುಗರು.

ಬಸವ ಜಯಂತಿಗೆ ಎರಡೇ ದಿನ ಉಳಿದಿದ್ದಾಗ ನೀವು ಕೆಲಸ ಹುಡುಕುವ ನೆವ ಹೇಳಿ ಹೊರಟುಬಿಟ್ಟಿರಿ. ಯುದ್ಧದಿಂದ ಬಂದವರನ್ನು ಜಯಂತಿಯ ಸಭೆಯಲ್ಲಿ ಸತ್ಕರಿಸಬೇಕೆಂದು ಶಿದ್ಲಿಂಗಪ್ಪ ಮಾಸ್ತರರು ಹಾವೇರಿಯಿಂದ ಶಾಲು ತರಿಸಿಟ್ಟಿದ್ದರು. ಪಾಪ, ಸುದ್ದಿ ಕೇಳಿ ಪೆಚ್ಚಾದರು. ಮಗನ ಬದಲು ತಾಯಿ ಬಂದು ಕೂಡಲಿ ಎಂದು ಹಿರಿಯರು ಹೇಳಿ ಕಳಿಸಿದರು. ಅತ್ತೆಯವರು ಮೊದಲು ಒಲ್ಲೆ ಎಂದವರು ಆ ದಿನ ಮುಂಜಾನೆ ತಾವಾಗಿಯೇ ಪೆಟ್ಟಿಗೆ ತೆಗೆದು ಇಳಕಲ್ಲ ಸೀರೆ ಉಟ್ಟರು. ಅದರ ನಿರಿಗೆ ಸರಿಮಾಡಲು ನನ್ನನ್ನು ಮೂರು ಸಲ ಕರೆದರು. ನೀವು ನೋಡಬೇಕಿತ್ತು.

ಶಾಲೆಯ ಮುಂದೆ ಚಪ್ಪರ ಹಾಕಿದ್ದರು. ವಚನ ಹಾಡಿ, ಭಾಷಣ ಮುಗಿಸಿ, ಮಾಸ್ತರರು ಪಟ್ಟಿ ಓದಿದರು. ನಾನು ಬಾಯಿಬಿಟ್ಟು ಆಡದ ನಿಮ್ಮ ಹೆಸರನ್ನು ಅವರು "ಕರಬಸಪ್ಪ" ಎಂದು ದೊಡ್ಡ ದನಿಯಲ್ಲಿ ಓದಿದಾಗ ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಪಟ್ಟಿಯಲ್ಲಿ ಮಾಳಪ್ಪನ ಹೆಸರು ಇರಲಿಲ್ಲ. ಅದು ತಿರುಗಿ ಬಂದವರ ಪಟ್ಟಿ ಎಂದು ಮಾಸ್ತರರು ಆಮೇಲೆ ಹೇಳಿದರು. ಇಬ್ಬರೂ ಒಂದೇ ದಿನ ಹೆಸರು ಬರೆಸಿ, ಮೂರು ವರ್ಷ ಒಂದೇ ಲಾರಿಯ ಮೇಲೆ ದುಡಿದವರು ನೀವು. ಅವನ ತಾಯಿ ಕರೆವ್ವ ಕೇರಿಯ ಹೆಂಗಸರ ಜೊತೆ ಚಪ್ಪರದಾಚೆ, ಬೇವಿನ ಮರದ ಕೆಳಗೆ ನಿಂತಿದ್ದಳು.

ಹಾರ ಹಾಕಲು ಬಂದಾಗ ಅತ್ತೆಯವರು ಕೊರಳು ಬಾಗಿಸಲಿಲ್ಲ. ಕೈ ಅಡ್ಡ ಹಿಡಿದು, "ನನ್ನ ಮಗ ತಿರುಗಿ ಬಂದಾನ್ರಿ. ಬರದವನ ಅವ್ವ ಅಲ್ಲಿ ಚಪ್ಪರದ ಹೊರಗ ನಿಂತಾಳ. ಮೊದಲ ಆಕೀನ್ನ ಕರೀರಿ" ಎಂದರು. ಹಾರವನ್ನು ಕೇರಿಗೇ ಕಳಿಸಿದರಾಯಿತು ಎಂದು ಹಿರಿಯರೊಬ್ಬರು ಗೊಣಗಿದರು. ಅತ್ತೆಯವರು ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಮರದ ಕಡೆಗೆ ನಡೆದರು. ಬಿದ್ದಾರೆಂದು ನಾನು ಹಿಂದೆ ಓಡಿದೆ.

ಅತ್ತೆಯವರು ಕೈ ಹಿಡಿದು ಕರೆದರೂ ಕರೆವ್ವ ಬರಲಿಲ್ಲ. ಅಳಲೂ ಇಲ್ಲ. "ನನಗ ಮಾಲಿ ಬ್ಯಾಡ್ರಿ ಅವ್ವಾರ. ನನ್ನ ಮಗ ಹೆಂಗ ಸತ್ತ ಅಂತ ಖರೇ ಹೇಳಾಕ ನಿಮ್ಮ ಮಗನ್ನ ಕಳಸ್ರಿ" ಎಂದಳು, ಅಷ್ಟೇ. ಅತ್ತೆಯವರು ಅಲ್ಲೇ ನೆಲದ ಮೇಲೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಕರೆವ್ವನೂ ಪಕ್ಕದಲ್ಲಿ ಕುಳಿತಳು. ಮಾಸ್ತರರು ಒಳ್ಳೆಯವರು. ಕನ್ನಡಕ ತೆಗೆದು ಒರೆಸಿಕೊಂಡು, ಪಟ್ಟಿಯಲ್ಲಿಲ್ಲದ ಮಾಳಪ್ಪನ ಹೆಸರನ್ನು ಅವನ ತಂದೆ ಉಡಚಪ್ಪನ ಹೆಸರಿನೊಡನೆ ಹೇಳಿದರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ನಿಂತರು. ಗೊಣಗಿದ ಹಿರಿಯರು ಎಲ್ಲರಿಗಿಂತ ಕೊನೆಗೆ. ಶಾಲು ಕುರ್ಚಿಯ ಮೇಲೆಯೇ ಉಳಿಯಿತು.

ಅಂದಿನಿಂದ ಓಣಿಯ ಇಬ್ಬರು ಹೆಂಗಸರು ನಮ್ಮ ಮನೆಗೆ ಮಜ್ಜಿಗೆಗೆ ಬರುತ್ತಿಲ್ಲ. ಅತ್ತೆಯವರು "ಛಲೋ ಆತು, ಸಾರು ಮಾಡಾಕ ಉಳೀತು" ಎಂದು ನಕ್ಕರು. ಆದರೆ ಅವರಿಗೆ ಊಟ ಸೇರುತ್ತಿಲ್ಲ. ಕರೆವ್ವನಿಗೆ ಏನು ಹೇಳಲಿ ಎಂದು ನನ್ನನ್ನು ಕೇಳುತ್ತಾರೆ.

ನಾನೊಂದು ಮಾತು ಬರೆಯುತ್ತೇನೆ, ಸಿಟ್ಟಾಗಬೇಡಿ. ನೀವು ಊರಿಗೆ ಬಂದ ದಿನ ಕರೆವ್ವ ಓಡಿ ಬಂದಳು. ನೀವು ನೆಲ ನೋಡುತ್ತ, ಗುಂಡು ತಗುಲಿತು, ಅವನಿಗೆ ತ್ರಾಸಾಗಲಿಲ್ಲ ಎಂದು ಹೇಳಿ ಒಳಗೆ ಹೋದಿರಿ. ಆಮೇಲೆ ಹೊಲಕ್ಕೆ ಹೋಗುವಾಗ ಕೇರಿಯ ದಾರಿ ಬಿಟ್ಟು ಕೆರೆಯ ಏರಿಯ ಮೇಲೆ ಸುತ್ತು ಹಾಕಿಕೊಂಡು ಹೋಗತೊಡಗಿದಿರಿ. ಅಲ್ಲಿ ಏನು ನಡೆಯಿತೋ ನನಗೆ ಗೊತ್ತಿಲ್ಲ. ಶಾಲು ಹೊದೆಯಲು ನಿಮ್ಮ ಮನಸ್ಸು ಯಾಕೆ ಒಪ್ಪಲಿಲ್ಲವೆಂಬುದು ಮಾತ್ರ ಮೆಲ್ಲಗೆ ತಿಳಿಯುತ್ತಿದೆ. ಎಂಥದೇ ಇರಲಿ, ಅದನ್ನು ಕೇಳಿದ ಮೇಲೂ ನಾನು ನಿಮ್ಮ ಹೆಂಡತಿಯೇ.

ಅತ್ತೆಯವರು ನಿಮಗೆ ತುಂಬು ಮನಸ್ಸಿನಿಂದ ಆಶೀರ್ವಾದ ಹೇಳಿದ್ದಾರೆ. ಹುಸೇನಸಾಬರಿಗೆ ನಮ್ಮ ಸಲಾಮು ತಿಳಿಸಿ.

ನಿಮ್ಮ
ಹೊನ್ನವ್ವ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕರೆವ್ವ ಬಂದಳು. ಅಂಗಳದಲ್ಲೇ ನಿಂತಿದ್ದವಳನ್ನು ಅತ್ತೆಯವರು ಒಳಗೆ ಕರೆದು ಪಡಸಾಲೆಯಲ್ಲಿ ಕೂರಿಸಿದರು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ: "ಯಾರದs ತಪ್ಪಿರಲಿ, ನಾ ಬೈಯಂಗಿಲ್ಲ. ಕಡೀಗೆ ನನ್ನ ಮಗ ನೀರು ಕೇಳಿದನೋ, ನನ್ನ ಕೇಳಿದನೋ, ಅಷ್ಟು ಹೇಳ್ಲಿ. ಆತಗ ಬರಾಕ ಆಗದಿದ್ರ ನಾನs ಹೋಗ್ತೇನಿ." ಬರುವ ಬುಧವಾರ ಅವಳೂ ನಾನೂ ಹಾವೇರಿಗೆ ಹೋಗಿ ಅಲ್ಲಿಂದ ರೈಲಿಗೆ ಹುಬ್ಬಳ್ಳಿಗೆ ಬರುತ್ತೇವೆ. ಬುತ್ತಿ ತಾವೇ ಕಟ್ಟಿಕೊಡುವುದಾಗಿ ಹೇಳಿ ಅತ್ತೆಯವರು ಒಪ್ಪಿದ್ದಾರೆ. ಆ ದಿನ ಸ್ಟೇಶನ್ನಿಗೆ ಬನ್ನಿ. ಎಲ್ಲಿಯೂ ಹೋಗಬೇಡಿ.